ಆನ್‌ಲೈನ್ ಹರಾಜಿನ ಹಳೇ ಗಾಡಿ: ಅಡಿಭಾಗ ನೋಡದೆ ಬಿಡ್ ಹಾಕಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ಜಿಲ್ಲೆಯ ಹುಡುಗರು ಹಳೇ ಜೀಪು, ಹಳೇ ಕಾರುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಓದಿ ಖುಷಿಯಾಯಿತು. ಗುಜರಿಗೆ ಹೋಗಬೇಕಾಗಿದ್ದ ಗಾಡಿಗಳು ಮತ್ತೆ ರಸ್ತೆಗೆ ಬರುತ್ತಿವೆ ಎಂದರೆ ನನಗಿಂತ ಜಾಸ್ತಿ ಸಂತೋಷಪಡುವವರು ಕಡಿಮೆ. ಆದರೆ ಬರಹದ ಜೊತೆ ಹಾಕಿದ್ದ ಫೋಟೋಗಳಲ್ಲಿ ಒಂದರಲ್ಲೂ ಗಾಡಿಯ ಅಡಿಭಾಗ ಇರಲಿಲ್ಲ. ಹರಾಜಿನ ಜಾಲತಾಣಗಳಲ್ಲೂ ಹಾಗೆಯೇ. ಅದಕ್ಕೇ ಈ ಪತ್ರ.

ಗೋಣಿಕೊಪ್ಪದಲ್ಲಿ ನನ್ನದು ಟಿಂಕರಿಂಗ್ ಶೆಡ್. ಅಪ್ಪನ ಕಾಲದಿಂದಲೂ ತೋಟದ ಜೀಪುಗಳ ಕೆಲಸವೇ ಜಾಸ್ತಿ. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಮದುವೆಯ ಪಾತ್ರೆ, ಎಲ್ಲವನ್ನೂ ಹೊತ್ತ ಗಾಡಿಗಳು ಅವು. ಈಗ ಕೆಲವು ವರ್ಷಗಳಿಂದ ಲಾರಿ ಮೇಲೆ ಏರಿ ಬರುವ ಗಾಡಿಗಳೂ ಶೆಡ್ಡಿಗೆ ಬರುತ್ತಿವೆ. ಎಲ್ಲೋ ದೂರದ ಊರಿನಲ್ಲಿ ಹರಾಜಾಗಿ, ಕೊಂಡವರು ಒಮ್ಮೆಯೂ ಮುಟ್ಟಿ ನೋಡದೆ ದುಡ್ಡು ಕಟ್ಟಿ ತರಿಸಿದವು.

ಅಮ್ಮತ್ತಿ ಕಡೆಯ ಒಬ್ಬ ಹುಡುಗ ಹೀಗೇ ಒಂದು ಪೆಟ್ರೋಲ್ ಜೀಪು ತರಿಸಿದ. ಕರಾವಳಿಯ ಊರಿನ ಗಾಡಿ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಸೀಟು ಹೊಸದು, ಹುಡ್ ಹೊಸದು. 'ಅಣ್ಣಾ, ಬ್ರೇಕ್ ಒಂದು ನೋಡಿಬಿಡಿ, ನಾಳೆ ಮನೆಗೆ ತಗೊಂಡು ಹೋಗ್ತೀನಿ' ಎಂದ. ಜಾಕಿ ಕೊಟ್ಟು ಎತ್ತಿದೆ. ಅಡಿಯಲ್ಲಿ ಅಂಡರ್‌ಕೋಟಿಂಗ್, ಅಂದರೆ ತುಕ್ಕು ಹಿಡಿಯದಿರಲಿ ಎಂದು ಬಳಿಯುವ ಕಪ್ಪು ಬಣ್ಣ, ದಪ್ಪಗೆ ಬಳಿದಿದ್ದರು. ಮುಂದಿನ ಕಮಾನ್ ಪಟ್ಟಿ, ಅಂದರೆ ಸ್ಪ್ರಿಂಗ್ ಪಟ್ಟಿ, ಅದನ್ನು ಹಿಡಿದಿಡುವ ಹ್ಯಾಂಗರ್ ಹಿಂದೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಅದು ಸೀದಾ ಒಳಗೆ ಹೋಯಿತು. ಕಪ್ಪು ಬಣ್ಣದ ಕೆಳಗೆ ತಗ್ಗು ತುಂಬಲು ಮೆತ್ತುವ ಪುಟ್ಟಿ, ಪುಟ್ಟಿಯ ಕೆಳಗೆ ತೆಳು ತಗಡಿನ ಪ್ಯಾಚು, ಪ್ಯಾಚಿನ ಕೆಳಗೆ ಏನೂ ಇಲ್ಲ. ಹರಾಜು ನಡೆಸಿದವರನ್ನು ಕೇಳಿದಾಗ, ಗಾಡಿ ಇದ್ದಲ್ಲಿ ಇದ್ದ ಹಾಗೆ ಮಾರಿದ್ದು, ಷರತ್ತಿನಲ್ಲೇ ಬರೆದಿದೆ ಎಂದರು. ಷರತ್ತಿನಲ್ಲಿ ಬರೆದದ್ದು ನಿಜವೇ. ಆದರೆ ಹಾಕಿದ್ದ ಇಪ್ಪತ್ತೈದು ಮೂವತ್ತು ಫೋಟೋಗಳಲ್ಲಿ ಸ್ಟೀರಿಂಗ್ ಬೇರೆ ಬೇರೆ ಕೋನದಲ್ಲಿ ಎಷ್ಟೋ ಸಲ ಬಂದಿತ್ತು, ಗಾಡಿಯನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಒಂದು ಸಲವೂ ಬಂದಿರಲಿಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತದೆ.

ಯಾಕೆ ಚಾಸಿಯ ಬಗ್ಗೆ ಇಷ್ಟು ಹೇಳುತ್ತೇನೆ ಎಂದರೆ, ಎಂಜಿನ್ ಹಾಳಾದರೆ ಇಳಿಸಿ ಬೋರ್ ಮಾಡಿಸಬಹುದು, ಪಿಸ್ಟನ್, ರಿಂಗ್ ಹಾಕಿಸಬಹುದು. ಗೇರ್‌ಬಾಕ್ಸ್ ಹುಡುಕಿದರೆ ಸಿಗುತ್ತದೆ. ಚಾಸಿ ಕೊಳೆತರೆ ಬಾಡಿಯನ್ನೇ ಪೂರ್ತಿ ಎತ್ತಬೇಕು. ಜೀಪಿನ ಚಾಸಿಯಲ್ಲಿ ಕೆಲವು ಕಡೆ ಕಬ್ಬಿಣವನ್ನು ಪೆಟ್ಟಿಗೆಯ ಹಾಗೆ ಮುಚ್ಚಿರುತ್ತಾರೆ. ಅದರೊಳಗೆ ಮಣ್ಣು ಸೇರಿದರೆ ಹೊರಗೆ ಬರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಣ್ಣು ಒಣಗುವುದೂ ಇಲ್ಲ. ಕರಾವಳಿಯಲ್ಲಿ ಉಪ್ಪು ಗಾಳಿ ಬೇರೆ. ಕಬ್ಬಿಣ ಒಳಗಿನಿಂದ ತಿಂದು ಹೋಗುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಹಿಂದಿನ ಅಡ್ಡ ಪಟ್ಟಿ, ಕಮಾನ್ ಪಟ್ಟಿಯ ಹ್ಯಾಂಗರ್‌ಗಳು, ಬಾಡಿ ಕೂರುವ ಬೋಲ್ಟಿನ ಜಾಗ, ಇಷ್ಟರ ಹತ್ತಿರದ ಫೋಟೋ ಕೇಳಲೇಬೇಕು. ಹೊಸ ಅಂಡರ್‌ಕೋಟಿಂಗ್ ಕಂಡರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಮಾರುವುದಕ್ಕೆ ಮುಂಚೆ ಯಾಕೆ ಹಾಕಿಸಿದರು ಎಂದು ಕೇಳಿ.

ಫಿಯಟ್, ಅಂಬಾಸಿಡರ್ ಆದರೆ ಇನ್ನೂ ಹುಷಾರಾಗಿರಬೇಕು. ಅವಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುವುದು. ಬಾಗಿಲ ಕೆಳಗಿನ ಸಿಲ್, ಫ್ಲೋರ್ ಶೀಟು ಕೊಳೆತಿದ್ದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಇದನ್ನು ದೂರದಿಂದಲೂ ಸ್ವಲ್ಪ ಕಂಡುಹಿಡಿಯಬಹುದು. ಮಾರುವವರಿಗೆ ಹೇಳಿ, ಒಂದು ಬದಿ ಜಾಕಿ ಕೊಟ್ಟು ಎತ್ತಿ ಬಾಗಿಲು ತೆರೆದು ಮುಚ್ಚುವ ವಿಡಿಯೋ ಕಳಿಸಲಿ. ಗಟ್ಟಿ ಗಾಡಿಯ ಬಾಗಿಲು ಆಗಲೂ ಸಲೀಸಾಗಿ ಕೂರುತ್ತದೆ. ಕೊಳೆತ ಗಾಡಿಯಲ್ಲಿ ಬಾಗಿಲು ಕಂಬಕ್ಕೆ ತಾಗುತ್ತದೆ, ಸಂದು ಒಂದು ಕಡೆ ಜಾಸ್ತಿ ಆಗುತ್ತದೆ. ಮ್ಯಾಟ್ ಎತ್ತಿಸಿ. ಡಿಕ್ಕಿಯಿಂದ ಸ್ಟೆಪ್ನಿ ಹೊರಗೆ ತೆಗೆಸಿ, ಅದರ ಕೆಳಗಿನ ತಗಡು ತೋರಿಸಲು ಹೇಳಿ. ಇಷ್ಟಕ್ಕೆ ಯಾರಾದರೂ ಕೋಪ ಮಾಡಿಕೊಂಡರೆ ಆ ಗಾಡಿ ನಿಮಗೆ ಬೇಡ.

ಒದ್ದೆ ಗಾಡಿಯ ಫೋಟೋ ನಂಬಬೇಡಿ. ನೀರು ಹಾಕಿದ ತಕ್ಷಣ ಎಂಥ ಮಂಕು ಪೇಂಟೂ ಹೊಳೆಯುತ್ತದೆ, ಟಿಂಕರಿಂಗ್ ಮಾಡಿದ ಕಡೆಯ ಏರುತಗ್ಗು ಮುಚ್ಚಿಹೋಗುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಒಣಗಿದ ಗಾಡಿಯನ್ನು ಹಿಂದಿನ ಮೂಲೆಯಿಂದ ಉದ್ದಕ್ಕೆ ತೆಗೆದ ಫೋಟೋ ಕೇಳಿ. ಪುಟ್ಟಿ ತುಂಬಿದ ಜಾಗದಲ್ಲಿ ಬೆಳಕು ಅಲೆಅಲೆಯಾಗಿ ಕಾಣುತ್ತದೆ.

ಎಂಜಿನ್ ವಿಡಿಯೋ ಎಲ್ಲರೂ ಹಾಕುತ್ತಾರೆ. ಆದರೆ ಬಿಸಿ ಮಾಡಿಟ್ಟ ಎಂಜಿನ್ನನ್ನು ಸ್ಟಾರ್ಟ್ ಮಾಡಿ ತೋರಿಸಿದರೆ ಏನು ಪ್ರಯೋಜನ? ಮೊದಲು ರೇಡಿಯೇಟರ್ ಮೇಲೆ ಕೈ ಇಟ್ಟು ತಣ್ಣಗಿದೆ ಎಂದು ತೋರಿಸಲಿ, ಆಮೇಲೆ ಅದೇ ವಿಡಿಯೋದಲ್ಲಿ ನಿಲ್ಲಿಸದೆ ಸ್ಟಾರ್ಟ್ ಮಾಡಲಿ. ಸೈಲೆನ್ಸರ್ ಕಡೆ ಯಾರಾದರೂ ನಿಂತು ಹೊಗೆ ತೋರಿಸಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದು ಕಾರ್ಬೊರೇಟರ್ ಕೆಲಸದಲ್ಲಿ ಸರಿಯಾಗಬಹುದು. ಚಳಿಯಲ್ಲಿ ಮೊದಲು ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಲೇ ಇದ್ದರೆ ನೀರು ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆಸಿ ಒಳಭಾಗ ನೋಡಿ. ಅಲ್ಲಿ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಗಸಿ ಇದ್ದರೆ ಆಯಿಲಿಗೆ ನೀರು ಸೇರಿದೆ. ಎಂಜಿನ್ ಓಡುತ್ತಿರುವಾಗ ಅದೇ ಬಾಯಿಯಿಂದ ಬುಸ್ ಬುಸ್ ಎಂದು ಹೊಗೆ ಹೊಡೆದರೆ ರಿಂಗು ಸವೆದಿದೆ.

ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಎಂದು ತುಂಬಾ ಜನ ಮರುಳಾಗುತ್ತಾರೆ. ಹಳೇ ಮೀಟರ್ ಎಷ್ಟೋ ಗಾಡಿಗಳಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅದರ ಬದಲು ಕ್ಲಚ್ ಪೆಡಲಿನ ರಬ್ಬರ್ ನೋಡಿ, ಬಾಗಿಲ ಹಿಂಜ್ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3214 ಎಂದಿದ್ದರೆ 2014ರ 32ನೇ ವಾರದಲ್ಲಿ ಮಾಡಿದ ಟೈರು. ಟೈರಿನ ಮೇಲಿನ ಗೀರು ಎಷ್ಟೇ ಆಳವಿರಲಿ, ಅಷ್ಟು ಹಳೆಯ ರಬ್ಬರ್ ಹಾಕಿಕೊಂಡು ನಮ್ಮ ಘಾಟಿ ಇಳಿಯಬಾರದು.

ಇನ್ನೊಂದು ವಿಷಯ ಜೀಪು ಪ್ರಿಯರಿಗೆ ಹೇಳಬೇಕು. ಎರಡನೇ ಮಹಾಯುದ್ಧದ ಜೀಪು ಎಂದು ಬರೆದ ತಕ್ಷಣ ಬೆಲೆ ಏರುತ್ತದೆ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು ಇರುತ್ತಿತ್ತು, ಬಾನೆಟ್ ತಗ್ಗಾಗಿತ್ತು, ಹಿಂದೆ ತೆಗೆಯುವ ಬಾಗಿಲು ಇರಲಿಲ್ಲ. ನಮ್ಮ ತೋಟಗಳಲ್ಲಿ ಜಾಸ್ತಿ ಓಡಿದ್ದು ಮಹೀಂದ್ರಾ ತಯಾರಿಸಿದ ಸಿಜೆ-3ಬಿ. ಅದರ ಎಂಜಿನ್ ಎತ್ತರ, ಅದಕ್ಕೇ ಬಾನೆಟ್ಟೂ ಎತ್ತರ, ಗ್ರಿಲ್ಲಿಗೆ ಏಳು ಸೀಳು. 3ಬಿ ಕೂಡ ಒಳ್ಳೆಯ ಗಾಡಿಯೇ, ನನಗೆ ಅದೇ ಇಷ್ಟ. ಆದರೆ ಅದಕ್ಕೆ ಯುದ್ಧದ ಜೀಪಿನ ಬೆಲೆ ಕೊಡಬೇಕಾಗಿಲ್ಲ. ಗ್ರಿಲ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಆದ್ದರಿಂದ ಗ್ರಿಲ್ ಒಂದನ್ನೇ ನೋಡದೆ ಚಾಸಿ ನಂಬರ್ ನೋಡಿ. ಆರ್‌ಟಿಓ ಕೆಲಸಕ್ಕೆ ನಾವು ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತೇವಲ್ವಾ, ಅಂಥದ್ದೇ ಒಂದು ಪ್ರಿಂಟ್ ತೆಗೆದು ಆರ್‌ಸಿ ಪಕ್ಕದಲ್ಲಿಟ್ಟು ಫೋಟೋ ಕಳಿಸಲು ಹೇಳಿ. ಅಂಕಿಗಳ ಸುತ್ತ ಗ್ರೈಂಡರ್ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇಕು. ಆರ್‌ಸಿ ಅವಧಿ ಮುಗಿದಿದೆಯೇ, ಬ್ಯಾಂಕಿನ ಸಾಲ ಇದೆಯೇ ಎಂದು ಹರಾಜಿಗೆ ಮುಂಚೆಯೇ ನೋಡಿ. 50 ವರ್ಷ ದಾಟಿದ ಗಾಡಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ಬೇರೆ ನಿಯಮ ತಂದಿದೆ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಇಳಿಸಿದ ಜೀಪುಗಳು ನಮ್ಮ ಕಡೆ ಎಷ್ಟಿವೆ ಎಂದು ಎಲ್ಲರಿಗೂ ಗೊತ್ತು. ಅಂಥದ್ದನ್ನು ವಿಂಟೇಜ್ ಎಂದು ಹರಾಜಿಗೆ ಹಾಕಿದರೆ ಕೊಂಡವರು ಆಮೇಲೆ ಒದ್ದಾಡಬೇಕು. ಮೇಲಾಗಿ ವಿಎ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಒಯ್ಯಬಹುದು. ತೋಟದ ಕೆಲಸಕ್ಕೆ ಜೀಪು ಬೇಕು ಎನ್ನುವವರಿಗೆ ಆ ನೋಂದಣಿ ಆಗುವುದಿಲ್ಲ.

ಇಷ್ಟೆಲ್ಲ ಫೋಟೋ, ವಿಡಿಯೋ ಬಂದರೂ ಕೊನೆಗೆ ಒಬ್ಬ ಮನುಷ್ಯ ಹೋಗಿ ಗಾಡಿಯ ಕೆಳಗೆ ಮಲಗಿ ನೋಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ. ಪೊನ್ನಂಪೇಟೆಯ ಒಬ್ಬರು, ಮಿಲಿಟರಿಯಿಂದ ನಿವೃತ್ತರಾದವರು, ಕೊಯಮತ್ತೂರಿನಲ್ಲಿದ್ದ ಫಿಯಟ್ ಒಂದನ್ನು ಹರಾಜಿನಲ್ಲಿ ನೋಡಿದರು. ಅಲ್ಲೇ ಓದುತ್ತಿದ್ದ ತಂಗಿಯ ಮಗನನ್ನು ಕಳಿಸಿದರು. ಅವನ ಕೈಗೆ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಒಂದು ಟಾರ್ಚು, ಅಷ್ಟೇ. ಎಲ್ಲಿ ಇಡಬೇಕು ಎಂದು ನಾನು ಫೋನಿನಲ್ಲಿ ಹೇಳುತ್ತಾ ಹೋದೆ. ಬಲಗಡೆ ಸಿಲ್ಲಿನ ಮೇಲೆ ಅಯಸ್ಕಾಂತ ಹಿಡಿಯಲೇ ಇಲ್ಲ, ಅಲ್ಲಿ ಪುಟ್ಟಿ. ಎಡಗಡೆ ಗಟ್ಟಿ. ಫ್ಲೋರ್ ಗಟ್ಟಿ. ಒಂದು ಸಿಲ್ ಬದಲಾಯಿಸುವ ಖರ್ಚು ಎಷ್ಟಾಗುತ್ತದೆ ಎಂದು ಅವರು ನನ್ನನ್ನು ಕೇಳಿ, ಗಾಡಿಗೆ ಕೊಡಬಹುದಾದ ಬೆಲೆಯಿಂದ ಅದನ್ನು ಕಳೆದು, ಲಾರಿ ಬಾಡಿಗೆ, ಹರಾಜಿನವರ ಕಮಿಷನ್ನು, ತೆರಿಗೆ ಎಲ್ಲ ಕಳೆದು ಒಂದು ಮೊತ್ತ ಬರೆದಿಟ್ಟುಕೊಂಡರು. ಕೊನೆಯ ನಿಮಿಷದಲ್ಲಿ ಬೆಲೆ ಓಡುವಾಗಲೂ ಅದನ್ನು ದಾಟಲಿಲ್ಲ. ಗಾಡಿ ಅವರಿಗೇ ಸಿಕ್ಕಿತು. ಸಿಗದೇ ಹೋಗಿದ್ದರೂ ಅವರು ಮಾಡಿದ್ದೇ ಸರಿ.

ಸರ್ಕಾರಿ ಗಾಡಿಗಳನ್ನು ಹರಾಜು ಹಾಕುವ ಎಂಎಸ್‌ಟಿಸಿ ಎಂಬ ಸಂಸ್ಥೆ ಕೂಡ ಇದ್ದಲ್ಲಿ ಇದ್ದ ಹಾಗೆ ಎಂದೇ ಮಾರುತ್ತದೆ. ಆದರೆ ಹರಾಜಿಗೆ ಮುಂಚೆ ಹೋಗಿ ನೋಡಲು ದಿನ ಕೊಡುತ್ತದೆ. ಖಾಸಗಿ ಜಾಲತಾಣಗಳೂ ಇದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಬೇಡಿಕೆ. ಜೊತೆಗೆ ಅಡಿಭಾಗದ ಫೋಟೋ, ತಣ್ಣಗಿನ ಸ್ಟಾರ್ಟಿನ ವಿಡಿಯೋ, ಚಾಸಿ ನಂಬರಿನ ಪ್ರಿಂಟು, ಈ ಮೂರು ಇಲ್ಲದ ಗಾಡಿಯನ್ನು ಹರಾಜಿಗೆ ಸೇರಿಸಲೇಬಾರದು. ಮಾರುವವರಿಗೆ ಇದು ಅರ್ಧ ದಿನದ ಕೆಲಸ. ಕೊಳ್ಳುವವರಿಗೆ ಲಕ್ಷಗಟ್ಟಲೆ ದುಡ್ಡಿನ ಪ್ರಶ್ನೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಕೊಡಗಿನ ತೋಟದ ಶೆಡ್ಡುಗಳಲ್ಲಿ ನಿಂತಿರುವ ಜೀಪುಗಳೂ ಈಗ ಹರಾಜಿಗೆ ಹೋಗುತ್ತಿವೆ. ಬೆಂಗಳೂರಿನವರು, ಕೇರಳದವರು ಕೊಳ್ಳುತ್ತಿದ್ದಾರೆ. ಮಾರುವ ಮುಂಚೆ ಸುಮ್ನೆ ಒಂದು ಕೋಟ್ ಪೇಂಟ್ ಹೊಡೆದುಕೊಡಿ ಎಂದು ನನ್ನ ಹತ್ತಿರ ಬರುವವರಿದ್ದಾರೆ. ನಾನು ಹೊಡೆಯುವುದಿಲ್ಲ. ಧೂಳು ತೊಳೆಯಿರಿ, ತುಕ್ಕು ಇದ್ದ ಹಾಗೇ ಫೋಟೋ ತೆಗೆಯಿರಿ ಎನ್ನುತ್ತೇನೆ. ಹಳೇ ಗಾಡಿ ತಿಳಿದವರು ಮುಚ್ಚಿಟ್ಟ ತುಕ್ಕಿಗಿಂತ ಕಾಣುವ ತುಕ್ಕಿಗೆ ಒಳ್ಳೆಯ ಬೆಲೆ ಕೊಡುತ್ತಾರೆ, ಏಕೆಂದರೆ ಖರ್ಚು ಎಷ್ಟಾಗುತ್ತದೆ ಎಂದು ಅವರಿಗೆ ಲೆಕ್ಕ ಸಿಗುತ್ತದೆ.

ಹರಾಜಿನಲ್ಲಿ ಗಾಡಿ ನೋಡಿಟ್ಟಿರುವ ಹುಡುಗರು ದಯವಿಟ್ಟು ಬಿಡ್ ಹಾಕುವ ಮುಂಚೆ ನಿಮ್ಮ ಊರಿನ ಟಿಂಕರ್‌ಗೋ ಮೆಕ್ಯಾನಿಕ್‌ಗೋ ಮೊಬೈಲ್ ತೋರಿಸಿ. ಗಾಡಿ ಇರುವ ಊರಿನಲ್ಲಿ ನಮ್ಮ ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ. ಹೋಗಿ ನೋಡಿ ಬಂದವರಿಗೆ ಅವರ ಅರ್ಧ ದಿನದ ಕೂಲಿ, ಪೆಟ್ರೋಲ್ ಖರ್ಚು ಕೊಡಿ. ಫೋಟೋ ನೋಡಿ ಹೇಳುವುದಕ್ಕೆ ನಾನಂತೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಸಂಜೆ ಆರರ ಮೇಲೆ ಶೆಡ್ಡಿಗೆ ಬನ್ನಿ, ಆಗ ವೆಲ್ಡಿಂಗ್ ನಿಲ್ಲಿಸಿರುತ್ತೇನೆ.

ಇಂತಿ,
ಒಬ್ಬ ಟಿಂಕರಿಂಗ್ ಕೆಲಸಗಾರ,
ಗೋಣಿಕೊಪ್ಪ, ದಕ್ಷಿಣ ಕೊಡಗು