ನಮ್ಮ ವೋಟು ಊರಲ್ಲಿದೆ, ನಾವು ಧಾರವಾಡದಲ್ಲಿದ್ದೇವೆ: ಮಹಾಪೌರರಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ ಮಾನ್ಯ ಮಹಾಪೌರರಿಗೆ ನಮಸ್ಕಾರ.

2021ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಚುನಾವಣೆ ನಡೆದಾಗ ನಾನು ಧಾರವಾಡಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಸಪ್ತಾಪುರದ ಒಂದು ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ನಾವು ನಾಲ್ಕು ಹುಡುಗಿಯರು ಇದ್ದೆವು. ಪ್ರಚಾರಕ್ಕೆ ಬಂದವರು ಮೆಟ್ಟಿಲು ಹತ್ತಿ ಬಂದು, "ನಿಮ್ಮ ವೋಟು ಇಲ್ಲೇ ಐತೇನ್ರೀ ಅಕ್ಕಾರ?" ಎಂದು ಕೇಳಿದರು. "ಇಲ್ರೀ, ಊರಾಗ ಐತಿ" ಅಂದೆವು. ಕೊಡಲು ಚಾಚಿದ್ದ ಚೀಟಿಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಇಳಿದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ವೋಟು ಇರುವ ಬಾಗಿಲಿಗೆ ಹೋಗುವುದು ಅವರ ಕೆಲಸ. ಆದರೆ ಆ ಚೀಟಿ ಹಿಂದಕ್ಕೆ ಹೋದದ್ದು ಇವತ್ತಿಗೂ ನೆನಪಿದೆ.

ನಮ್ಮಂಥವರು ಎಷ್ಟು ಜನ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಸಪ್ತಾಪುರ, ಜಯನಗರ, ಶ್ರೀನಗರದ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು. ವಿಜಯಪುರ, ಬಾಗಲಕೋಟೆ, ರಾಯಚೂರು, ಗದಗ ಕಡೆಯವರೇ ಜಾಸ್ತಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಹೀಗೆ ಒಬ್ಬೊಬ್ಬರ ಕಣ್ಣು ಒಂದೊಂದು ಪರೀಕ್ಷೆಯ ಮೇಲೆ. ನಾನು ರೋಣ ತಾಲ್ಲೂಕಿನವಳು. ಅವ್ವ ಈಗಲೂ ವಾರಕ್ಕೊಮ್ಮೆ ಬಸ್ಸಿಗೆ ಬುತ್ತಿ ಹಾಕುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಒಂದು ಡಬ್ಬಿ ಕೆನೆಮೊಸರು. ಗಂಟು ಬಿಚ್ಚಿದ ಕೂಡಲೇ ಕೋಣೆ ತುಂಬ ನಮ್ಮ ಅಡುಗೆಮನೆಯ ವಾಸನೆ.

ಎರಡು ವರ್ಷ ಓದಿ ಹೋಗೋಣ ಎಂದು ಬಂದವಳು ನಾನು. ಐದು ವರ್ಷ ಆಗುತ್ತಾ ಬಂತು. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಚಿವ ಸಂಪುಟ ನಿರ್ಧರಿಸಿತು. ಅದಕ್ಕೆ ಕಾರಣ ಇತ್ತು, ಅದು ನಿಮ್ಮ ಕೈಯಲ್ಲಿರುವ ವಿಷಯವೂ ಅಲ್ಲ. ಆದರೆ ಆ ಕಾಯುವ ದಿನಗಳನ್ನೆಲ್ಲ ನಾವು ಕಳೆದದ್ದು ಇದೇ ಊರಿನಲ್ಲಿ. ಇಲ್ಲೇ ಬಾಡಿಗೆ ಕಟ್ಟಿದೆವು, ಇಲ್ಲಿಯ ಖಾನಾವಳಿಯಲ್ಲಿ ಉಂಡೆವು, ಇಲ್ಲೇ ಜ್ವರ ಬಂದು ಮಲಗಿ ಎದ್ದೆವು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದಾಗಿನಿಂದ ಹೊರಗಿನ ಮಕ್ಕಳನ್ನು ಓದಿಸಿದ ಊರು ಇದು. ಆ ಹೆಸರು ಕೇಳಿಯೇ ಅಪ್ಪ ನನ್ನನ್ನು ಕಳಿಸಿದ್ದು. "ಧಾರವಾಡ ಅಂದ್ರ ಹೆದರಿಕಿ ಇಲ್ಲ" ಅಂದಿದ್ದ.

ರಾತ್ರಿ 10 ಗಂಟೆಗೆ ನಾನು ಓದುವ ಖಾಸಗಿ ಸ್ಟಡಿ ಹಾಲ್‌ನಿಂದ ಹೊರಡುತ್ತೇನೆ. ಕೋಣೆಗೆ ಬರೀ 12 ನಿಮಿಷದ ದಾರಿ. ಮುಖ್ಯ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಚಹಾ ಅಂಗಡಿ, ಜೆರಾಕ್ಸ್ ಅಂಗಡಿ ತೆರೆದಿರುತ್ತವೆ. ಓಣಿಗೆ ತಿರುಗಿದ ಮೇಲೆ ಕತ್ತಲು. ಅಲ್ಲಿ ದೀಪ ಇಲ್ಲ ಎಂದಲ್ಲ. ಕಂಬ ಇದೆ, ದೀಪ ಉರಿಯುತ್ತಲೂ ಇದೆ. ಆದರೆ ಅದು ದೊಡ್ಡದೊಂದು ಮಾವಿನ ಮರದ ಕೊಂಬೆಗಳ ಒಳಗಿದೆ. ಬೆಳಕೆಲ್ಲ ಎಲೆಗಳ ಮೇಲೆ ಬೀಳುತ್ತದೆ, ನೆಲಕ್ಕೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಮರ ಇನ್ನಷ್ಟು ದಟ್ಟವಾಗುತ್ತದೆ. ಆಗ ನಾವು ಮೂರ್ನಾಲ್ಕು ಜನ ಒಬ್ಬರಿಗೊಬ್ಬರು ಕಾಯ್ದು, ಮೊಬೈಲ್ ಟಾರ್ಚ್ ಹಿಡಿದು, ಪುಸ್ತಕದ ಚೀಲ ಎದೆಗೆ ಅವಚಿಕೊಂಡು ಬೇಗ ಬೇಗ ನಡೆಯುತ್ತೇವೆ. ಗೆಳತಿ ಬರದ ದಿನ ನಾನು 8 ಗಂಟೆಗೇ ಎದ್ದು ಬಂದುಬಿಡುತ್ತೇನೆ. ತಿಂಗಳಲ್ಲಿ ಹತ್ತು ದಿನ ಹೀಗಾದರೆ 20 ತಾಸಿನ ಓದು ಹೋಯಿತು, ಅಲ್ವಾ? ಅದೇ ಹಾಲ್‌ನಲ್ಲಿ ಓದುವ ಹುಡುಗರು ಅಷ್ಟು ತಾಸು ನಮಗಿಂತ ಜಾಸ್ತಿ ಓದುತ್ತಾರೆ. ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ.

ಮರ ಕಡಿಯಿರಿ ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಧಾರವಾಡದ ಮರಗಳು ಅಂದರೆ ನನಗೆ ಜೀವ. ನಮ್ಮೂರಿನ ಎರಿ ಹೊಲದ ಬಯಲಿನಿಂದ ಬಂದವರಿಗೆ ಈ ನೆರಳಿನ ಬೆಲೆ ಗೊತ್ತು. ದೀಪವನ್ನು ಕೊಂಬೆಗಿಂತ ಕೆಳಗೆ ಇಳಿಸಿದರೆ ಸಾಕು. ಅದೇ ಕಂಬಕ್ಕೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದು ದೀಪ.

ಸಂವಿಧಾನದ 74ನೇ ತಿದ್ದುಪಡಿ, 12ನೇ ಅನುಸೂಚಿ, ಪಾಲಿಕೆಯಂಥ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳು ನಮಗೆಲ್ಲ ಬಾಯಿಪಾಠ. ಅದರಲ್ಲಿ 17ನೆಯದು ಬೀದಿ ದೀಪ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯದಂಥ ಸೌಲಭ್ಯಗಳು. ಅಲ್ಲಿ ಮತದಾರರಿಗೆ ಮಾತ್ರ ಎಂದು ಬರೆದಿಲ್ಲ.

ಶೌಚಾಲಯದ ಮಾತೂ ಹೇಳಿಬಿಡುತ್ತೇನೆ. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಅದಕ್ಕೆ ನನ್ನ ಗೆಳತಿಯರು ಬೆಳಗಿನ 5 ಗಂಟೆಗೇ ಮೈದಾನಕ್ಕೆ ಹೋಗುತ್ತಾರೆ. ಓಡುವವರು ನೀರು ಕುಡಿಯಬೇಕು. ಆದರೆ ಆ ಹೊತ್ತಿಗೆ ಹತ್ತಿರದಲ್ಲಿ ತೆರೆದ ಶೌಚಾಲಯ ಇರುವುದಿಲ್ಲ, ಹಾಗಾಗಿ ಕುಡಿಯುವುದಿಲ್ಲ. ಓಟ ಮುಗಿಸಿ, ಒಣಗಿದ ತುಟಿಯಲ್ಲಿ ಕೋಣೆಗೆ ಬಂದು ತಂಬಿಗೆ ಎತ್ತುತ್ತಾರೆ. ಹುಡುಗಿಯರು ಓಡುವ ಮೈದಾನಗಳ ಹತ್ತಿರದ ಶೌಚಾಲಯವನ್ನು ಬೆಳಿಗ್ಗೆ 5ಕ್ಕೇ ತೆರೆದರೆ ಇದು ಮುಗಿಯುವ ಕಷ್ಟ.

ಇನ್ನೊಂದು ದೊಡ್ಡ ಬೇಡಿಕೆ. ನಮಗೆ ರಾತ್ರಿ ತೆರೆದಿರುವ, ಪಾಲಿಕೆಯದೇ ಒಂದು ಓದುವ ಮನೆ ಬೇಕು. ಖಾಸಗಿ ಹಾಲ್‌ನಲ್ಲಿ ನನ್ನ ಕುರ್ಚಿಗೆ ತಿಂಗಳಿಗೆ 900 ರೂಪಾಯಿ. ಒಂದು ಫಳಿ, ಒಂದು ಪ್ಲಗ್ ಪಾಯಿಂಟ್, ಎರಡೂ ಕಡೆ ಪ್ಲೈವುಡ್ ಮರೆ. ಅದರ ಮಾಲಕರೂ ಬಾಡಿಗೆ, ಕರೆಂಟ್ ಬಿಲ್ ಕಟ್ಟಬೇಕು. ಆದರೆ 900 ರೂಪಾಯಿ ಅಂದರೆ ನಮ್ಮಪ್ಪನ ಮೂರು ದಿನದ ಕೂಲಿ. ಅದನ್ನು ಕೊಡಲಾಗದ ಹುಡುಗರು ಕೋಣೆಯಲ್ಲಿ, ಐದು ಜನರ ಗದ್ದಲದಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು ಓದುವುದನ್ನು ನೋಡಿದ್ದೇನೆ.

ದುಡ್ಡು ಎಲ್ಲಿಂದ ಎಂದು ನೀವು ಕೇಳಬಹುದು. ಒಮ್ಮೆ ಮನೆ ಮಾಲಕಿ ಅಮ್ಮನಿಗೆ ಆಸ್ತಿ ತೆರಿಗೆಯ ಚಲನ್ ಓದಿ ಹೇಳುವಾಗ "ಗ್ರಂಥಾಲಯ ಕರ" ಎಂಬ ಸಾಲು ನೋಡಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಈ ಕರ. ಪಾಲಿಕೆ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ಅಮ್ಮ ಆ ತೆರಿಗೆ ಕಟ್ಟುವುದು ನಾವು ಕೊಡುವ ಬಾಡಿಗೆಯಿಂದ. ಅಂದಮೇಲೆ ಆ 6 ಪೈಸೆಯಲ್ಲಿ ನಮ್ಮ ಪಾಲೂ ಇದೆ. ಅವಳಿ ನಗರದಲ್ಲಿ ಈ ಕರ ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಗ್ರಂಥಾಲಯಕ್ಕೆ ಹೋಗುತ್ತದೆ ಎಂದು ಪಾಲಿಕೆ ಸಭೆಯಲ್ಲಿ ಒಮ್ಮೆ ಓದಿ ಹೇಳಿ. ಹೊಸ ಕಟ್ಟಡ ಕಟ್ಟಿಸಿ ಎಂದು ಕೇಳುತ್ತಿಲ್ಲ. ನಮ್ಮ ಓಣಿಗಳ ಹತ್ತಿರ ಪಾಲಿಕೆಯದೇ ಆದ, ರಾತ್ರಿ ಖಾಲಿ ಇರುವ ಒಂದು ಕಟ್ಟಡ ಕೊಡಿ. ಕುರ್ಚಿ, ಬೆಳಕು, ನೀರು, ಬಾಗಿಲಲ್ಲಿ ಒಬ್ಬ ಕಾವಲುಗಾರ ಇದ್ದರೆ ಸಾಕು. ಕಸ ಗುಡಿಸುವುದು, ಸದ್ದು ಆಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಸರದಿ ಹಾಕಿಕೊಂಡು ಮಾಡುತ್ತೇವೆ.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಅದಕ್ಕಾಗಿ ಊರಿನ ಜನರ ಲೆಕ್ಕ ಹಾಕುವಾಗ ಬಾಡಿಗೆ ಕೋಣೆಗಳಲ್ಲಿ ಇರುವವರನ್ನೂ ಎಣಿಸಿ. ನೀರಿಗೂ, ಕಸದ ಗಾಡಿಗೂ, ದೀಪಕ್ಕೂ ನಾವು ಈ ಊರಿನ ತಲೆಗಳೇ.

ಕಳೆದ ವಾರ ನಾವು ಆರು ಜನ ಸೇರಿ ನಾಲ್ಕು ಓಣಿ ಸುತ್ತಿದೆವು. ಮರದೊಳಗೆ ಮುಚ್ಚಿಹೋದ ದೀಪಗಳು 14 ಸಿಕ್ಕವು. ಪ್ರತಿ ಕಂಬ ಯಾವ ಮನೆಯ ಎದುರಿಗಿದೆ, ಯಾವ ಕಡೆಯ ಕೊಂಬೆ ಅಡ್ಡ ಬಂದಿದೆ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇವೆ. ಒಂದು ಪ್ರತಿ ನಿಮಗೆ, ಒಂದು ವಾರ್ಡಿನ ಸದಸ್ಯರಿಗೆ ಎಂದು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇವೆ. ನೀವು ಯಾವ ದಿನ ಬರಲು ಹೇಳಿದರೂ ತಂದುಕೊಡುತ್ತೇವೆ.

ಇಂತಿ,
ಸಪ್ತಾಪುರದ ಮಾಳಿಗೆ ಕೋಣೆಯಿಂದ
ರೋಣ ತಾಲ್ಲೂಕಿನ ಒಬ್ಬ ಮಗಳು