ಅಬ್ಬಕ್ಕನಿಗೆ ಎಷ್ಟು ಸಂಚಿಕೆ?

ಮಾನ್ಯ ಸಂಪಾದಕರೇ,

ಉಳ್ಳಾಲದ ರಾಣಿ ಅಬ್ಬಕ್ಕನ ಕತೆಯನ್ನು ಟಿ.ವಿ. ಸರಣಿ ಮಾಡುವುದಾದರೆ ಎಷ್ಟು ಸಂಚಿಕೆ ಬೇಕು ಎಂಬುದು ಈ ಪತ್ರದ ವಿಷಯ. ಆರೆಂಟು ಸಂಚಿಕೆಯ ಸೀಮಿತ ಸರಣಿಗಳನ್ನು ಹೊಗಳುವ ಭರದಲ್ಲಿ ಕೊರಿಯಾದ ಐತಿಹಾಸಿಕ ಧಾರಾವಾಹಿಗಳನ್ನು ಬರೀ ಎಳೆದಾಟ ಎಂದು ತಳ್ಳಿಹಾಕುವವರಿದ್ದಾರೆ. ಇದು ಸರಿಯಲ್ಲ.

2019ರ ‘ಚೆರ್ನೋಬಿಲ್’ ಐದೇ ಸಂಚಿಕೆ. ಒಂದು ಅಣುಸ್ಥಾವರದ ದುರಂತ, ಅದರ ವಿಚಾರಣೆ, ಅಷ್ಟಕ್ಕೆ ಐದು ಸಾಕು. ಆದರೂ ಅನೇಕ ವಿಜ್ಞಾನಿಗಳನ್ನು ಉಲಾನಾ ಖೋಮ್ಯುಕ್ ಎಂಬ ಒಂದೇ ಕಲ್ಪಿತ ಪಾತ್ರದೊಳಗೆ ತುಂಬಬೇಕಾಯಿತು. ಅತ್ತ ಕೊರಿಯಾದ ಅರಮನೆಯ ವೈದ್ಯೆ ಜಾಂಗ್ ಗುಮ್ ಕತೆ ಹೇಳುವ, 2003ರಲ್ಲಿ ಶುರುವಾದ ‘ದೇ ಜಾಂಗ್ ಗುಮ್’ 54 ಸಂಚಿಕೆ. ಕೊರಿಯಾ ಆಳಿದ ಜೋಸನ್ ವಂಶದ ಅರಸರ ವೃತ್ತಾಂತದಲ್ಲಿ ಈ ವೈದ್ಯೆಯ ಬಗ್ಗೆ ಸಿಗುವುದು ಅಲ್ಲೊಂದು ಇಲ್ಲೊಂದು ಸಾಲು. ಅದರಿಂದ ಅರಮನೆಯ ಅಡುಗೆಮನೆ, ಜೇಜು ದ್ವೀಪದ ಗಡಿಪಾರು, ವೈದ್ಯವಿದ್ಯೆ ಎಂದು ಒಂದು ಇಡೀ ಕಲಿಕೆಯ ಬದುಕನ್ನೇ ಕಟ್ಟಿದರು. ಎಂಟು ಸಂಚಿಕೆಗೆ ಇಳಿಸಿದ್ದರೆ ಅಂತಃಪುರದ ಪಿತೂರಿ ಮಾತ್ರ ಉಳಿಯುತ್ತಿತ್ತು.

ಕೊರಿಯಾದವರು ಎಡವುವುದು ಬೇರೆ ಕಡೆ. ವಾರಕ್ಕೆ ಎರಡು ಸಂಚಿಕೆ, ತಲಾ ಸುಮಾರು ಒಂದು ಗಂಟೆ. ಹಳೆಯ ಕ್ರಮದಲ್ಲಿ ಪ್ರಸಾರದ ಜೊತೆಜೊತೆಗೇ ಬರವಣಿಗೆ, ಚಿತ್ರೀಕರಣ. ಜನ ಮೆಚ್ಚಿದರೆ ವಾಹಿನಿ ಹಿಗ್ಗಿಸುತ್ತಿತ್ತು. ‘ಜುಮೊಂಗ್’ 60ಕ್ಕೆಂದು ಹೊರಟು 81ಕ್ಕೆ ನಿಂತಿತು. ‘ಕ್ವೀನ್ ಸೊಂಡೊಕ್’ 50 ಇದ್ದದ್ದು 62 ಆಯಿತು. 50ನೇ ಸಂಚಿಕೆಯಲ್ಲೇ ರಾಣಿಯ ಎದುರಾಳಿ ಮಿಶಿಲ್ ಸತ್ತ ಮೇಲೆ ಉಳಿದದ್ದೆಲ್ಲ ಸಪ್ಪೆ. 2018ರ ‘ಮಿಸ್ಟರ್ ಸನ್‌ಶೈನ್’ 24ಕ್ಕೇ ಮುಗಿದು ಬಿಗಿ ಉಳಿಸಿಕೊಂಡಿತು.

ಗೋವಾದ ಕನ್ನಡಿಗರು ಇದನ್ನು ಬರೆಯಲು ಕಾರಣ ಉಳ್ಳಾಲದ ಅಬ್ಬಕ್ಕ. ಇಲ್ಲಿಂದ ಆಳುತ್ತಿದ್ದ ಪೋರ್ಚುಗೀಸರನ್ನು ಎದುರಿಸಿದವಳು. ಅಬ್ಬಕ್ಕ ಒಬ್ಬಳೋ, ಒಬ್ಬಳಿಗಿಂತ ಹೆಚ್ಚೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹೆಚ್ಚು ಅಬ್ಬಕ್ಕರಿದ್ದರೂ ಎಂಟು ಸಂಚಿಕೆಯ ಸರಣಿ ಎಲ್ಲರನ್ನೂ ಒಬ್ಬಳನ್ನಾಗಿ ಮಾಡಿಬಿಡುತ್ತದೆ. 1623ರಲ್ಲಿ ಗೋವಾದಿಂದ ಕೆನರಾಕ್ಕೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ: ಬರಿಗಾಲಲ್ಲಿ, ಕಾಲುವೆ ತೋಡುವ ಕೆಲಸ ನೋಡಲು ನಡೆದೇ ಹೋಗುತ್ತಿದ್ದಳಂತೆ. ಎಂಥ ದೃಶ್ಯ! ಜಾಂಗ್ ಗುಮ್‌ಗೆ ಸಿಕ್ಕ ಸಾಲುಗಳಿಗಿಂತ ಇದು ಎಷ್ಟೋ ಶ್ರೀಮಂತ.

ಆದ್ದರಿಂದ ನಿರ್ಮಾಪಕರು ದಿನನಿತ್ಯದ ಧಾರಾವಾಹಿಯ ದಾರಿ ಹಿಡಿಯದೆ 24 ಸಂಚಿಕೆಗೆ ಗೆರೆ ಹಾಕಿಕೊಳ್ಳಲಿ, ವಾರಕ್ಕೆ ಎರಡರಂತೆ. ಕೊನೆಯ ಸಂಚಿಕೆ ಬರೆದು ಮುಗಿಯುವ ತನಕ ಸೆಟ್ ಹಾಕುವುದು ಬೇಡ. ಸಂಚಿಕೆ ಹೆಚ್ಚಿಸುವಂತಿಲ್ಲ ಎಂದು ವಾಹಿನಿಯ ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಬರಹಗಾರರ ತಂಡದಲ್ಲಿ ತುಳು ಬಲ್ಲವರೊಬ್ಬರು, ಹಳೆಯ ಪೋರ್ಚುಗೀಸ್ ಓದಬಲ್ಲವರೊಬ್ಬರು ಇರಲೇಬೇಕು; ಆ ಕಾಲದ ಪೋರ್ಚುಗೀಸ್ ಕಡತಗಳು ಪಣಜಿಯ ಪತ್ರಾಗಾರದಲ್ಲಿವೆ.

— ಕನ್ನಡ ಓದುಗರು, ವಾಸ್ಕೋ, ಗೋವಾ