ಪುಟ್ಟಿಗೆ, ಅಳಿಯಂದಿರ ಮೆಷಿನ್ ವಿಷಯ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ.

ನಿನ್ನ ಉದ್ದದ ವಾಟ್ಸಾಪ್ ಮೆಸೇಜ್ ಓದಿದೆ. ಅಷ್ಟಕ್ಕೆಲ್ಲ ಫೋನಿನಲ್ಲಿ ಒತ್ತಿ ಒತ್ತಿ ಉತ್ತರ ಕೊಡಲು ನನ್ನಿಂದ ಆಗದು, ಅದಕ್ಕೇ ಈ ಕಾಗದ. ಅಳಿಯಂದಿರಿಗೆ ನಿದ್ದೆಯಲ್ಲಿ ಗಂಟೆಗೆ 38 ಸಲ ಉಸಿರು ತಡೆಯುತ್ತದೆ ಅಂತ ರಿಪೋರ್ಟ್ ಬಂತು. ಡಾಕ್ಟರು ಸಿಪ್ಯಾಪ್ ಅಂತ, ಪೈಪು ಮಾಸ್ಕಿನಿಂದ ಮೂಗಿಗೆ ಗಾಳಿ ಒತ್ತಿ ಕೊಡುವ ಮೆಷಿನ್ ಕೊಟ್ಟರು. ಅವರು ನಡುರಾತ್ರಿ ಮಾಸ್ಕ್ ಕಿತ್ತು ಪಕ್ಕಕ್ಕಿಡುತ್ತಾರೆ. ಬೆಳಿಗ್ಗೆ ನೀನು ಮೆಷಿನ್ನಿನ ಲೆಕ್ಕ ತೋರಿಸುವ ಆ್ಯಪ್ ನೋಡಿ ಬೈಯುತ್ತೀಯ. ಅವರು ತಿಂಡಿ ತಿನ್ನದೆ ಆಫೀಸಿಗೆ ಹೋಗುತ್ತಾರೆ. ಇಷ್ಟೇ ಅಲ್ವಾ?

ಮೊದಲು ಆ ಆ್ಯಪನ್ನು ನಿನ್ನ ಫೋನಿನಿಂದ ತೆಗೆ. ಅವರ ಫೋನಿನಲ್ಲಿದ್ದರೆ ಸಾಕು. ಎಷ್ಟು ಗಂಟೆ ಹಾಕಿಕೊಂಡರು, ಗಾಳಿ ಎಷ್ಟು ಸೋರಿತು ಅನ್ನುವುದೆಲ್ಲ ಡಾಕ್ಟರಿಗೆ ಮತ್ತು ಅವರಿಗೆ ಬೇಕಾದ ಲೆಕ್ಕ. ರಾತ್ರಿಗೆ ಕೊನೇ ಪಕ್ಷ ನಾಲ್ಕು ಗಂಟೆ ಅಂತ ಡಾಕ್ಟರುಗಳು ಒಂದು ಅಳತೆ ಇಟ್ಟುಕೊಂಡಿರುತ್ತಾರೆ, ಜಾಸ್ತಿ ಆದಷ್ಟೂ ಒಳ್ಳೆಯದು. ಅದನ್ನು ಹಿಡಿದುಕೊಂಡು ಮಗನ ಮಾರ್ಕ್ಸ್ ಕಾರ್ಡ್ ಥರ ಗಂಡನನ್ನು ವಿಚಾರಿಸಿದರೆ ಯಾವ ಗಂಡಸು ಸುಮ್ನೆ ಇರುತ್ತಾನೆ? ಅವರು ಬೇಕಂತ ಕಿತ್ತಿಡುತ್ತಿಲ್ಲ ಪುಟ್ಟಿ. ಮೂಗು ಕಟ್ಟಿದರೆ, ಬಾಯಿ ಒಣಗಿದರೆ, ಗಾಳಿ ಕಣ್ಣಿಗೆ ಹೊಡೆದರೆ ನಿದ್ದೆಗಣ್ಣಲ್ಲೇ ಕೈ ಅದರ ಮೇಲೆ ಹೋಗುತ್ತದೆ. ಬೆಳಿಗ್ಗೆ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಹಾಗಂತ ಹಗುರವಾಗಿ ಬಿಡುವಂಥ ವಿಷಯವೂ ಅಲ್ಲ. ಗಂಟೆಗೆ 30 ದಾಟಿದರೆ ಜೋರಾಗಿದೆ ಅಂತಲೇ ಲೆಕ್ಕ. ಒಂದೊಂದು ಸಲ ಉಸಿರು ತಡೆಯುವುದು ಅಂದರೆ ಕಡಿಮೆಯೆಂದರೂ ಹತ್ತು ಸೆಕೆಂಡ್. ಗಂಟಲು ಒಳಗಡೆ ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಮೆಷಿನ್ ಮಾಡುವುದು ಇಷ್ಟೇ, ಗಾಳಿಯ ಒತ್ತಡದಿಂದ ಆ ದಾರಿ ಮುಚ್ಚದಂತೆ ಹಿಡಿದಿಡುವುದು. ಅವರ ಬಿಪಿ ಮಾತ್ರೆಗೆ ಬಗ್ಗದೆ ಇರುವುದಕ್ಕೂ ಇದು ಒಂದು ಕಾರಣ ಇರಬಹುದು, ಡಾಕ್ಟರನ್ನು ಕೇಳಿ. ಇನ್ನೊಂದು ಮಾತು. ಹಗಲು ತೂಕಡಿಕೆ ಪೂರ್ತಿ ಹೋಗುವ ತನಕ ಕಾರಿನ ಸ್ಟೀರಿಂಗ್ ನೀನೇ ಹಿಡಿ. ಅದೊಂದಕ್ಕೆ ಜಗಳವಾಡು, ನಾನು ನಿನ್ನ ಕಡೆ.

ಉಳಿದದ್ದಕ್ಕೆ ಜಗಳ ಬೇಡ, ಕೈಜೋಡಿಸು. ಎಲ್ಲಿ ಚುಚ್ಚುತ್ತದೆ, ಎಲ್ಲಿ ಸೋರುತ್ತದೆ ಅಂತ ಕೇಳು. ಮಲಗಿದ ಮೇಲೆ ಮಾಸ್ಕಿನ ಸುತ್ತ ಕೈ ಆಡಿಸಿದರೆ ಸೋರುವ ಜಾಗ ನಿನಗೇ ಗೊತ್ತಾಗುತ್ತದೆ. ಮುಂದುಗಡೆ ಸಣ್ಣ ತೂತುಗಳಿಂದ ಬರುವ ಗಾಳಿ ಇರಬೇಕಾದದ್ದೇ, ಅದನ್ನು ಮುಚ್ಚಬೇಡ. ಸೋರುತ್ತದೆ ಅಂತ ಪಟ್ಟಿ ಬಿಗಿಯುತ್ತಾ ಹೋಗುವುದೂ ತಪ್ಪು. ಕೆನ್ನೆ ಮೇಲೆ ಬರೆ ಬೀಳುತ್ತದೆ ಅಷ್ಟೇ, ಎಷ್ಟೋ ಸಲ ಸೋರುವುದು ಇನ್ನೂ ಜಾಸ್ತಿ ಆಗುತ್ತದೆ. ನಿಮ್ಮ ದೊಡ್ಡಪ್ಪನೂ ಇದೇ ಮೆಷಿನ್ ಹಾಕಿಕೊಳ್ಳುವವರಲ್ಲವಾ, ಅವರಿಗೆ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿಕೊಳ್ಳುವ ಅಭ್ಯಾಸ. ಹಣೆಯಿಂದ ಎಣ್ಣೆ ಇಳಿದು ಮಾಸ್ಕ್ ಜಾರುತ್ತಿತ್ತು. ಈಗ ಎಣ್ಣೆ ಸ್ನಾನದ ದಿನಕ್ಕೆ ಮಾತ್ರ. ಮಲಗುವ ಮುಂಚೆ ಸೋಪು ಹಾಕಿ ಮುಖ ತೊಳೆಯುತ್ತಾರೆ. ಮೀಸೆ ವಿಷಯಕ್ಕೆ ಮಾತ್ರ ಹೋಗಬೇಡ ಮಾರಾಯ್ತಿ! ಮೀಸೆ ಇರುವವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕೂ ಬರುತ್ತದೆ. ಮೆಷಿನ್ ತಂದುಕೊಟ್ಟ ಹುಡುಗನಿಗೆ ಫೋನ್ ಮಾಡಿ ಎರಡು ಮೂರು ಥರದ್ದು ತರಿಸಿ ಹಾಕಿ ನೋಡಲಿ. ಮಾಸ್ಕ್ ಸರಿ ಹೋಗದೆ ಮೆಷಿನ್ನನ್ನೇ ಅಟ್ಟಕ್ಕೆ ಹಾಕಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಾಕಿಕೊಂಡರೆ ಉಸಿರು ಕಟ್ಟಿದಂತಾಗುತ್ತದೆ ಅನ್ನುತ್ತಾರಂತಲ್ಲ, ಅದಕ್ಕೆ ಹಗಲಲ್ಲೇ ರೂಢಿ ಮಾಡಿಕೊಳ್ಳಲಿ. ಸಂಜೆ ಕ್ರಿಕೆಟ್ ನೋಡುತ್ತಾ ಕೂತಾಗ ಸ್ವಲ್ಪ ಹೊತ್ತು ಹಾಕಿಕೊಂಡು ಕೂರಲಿ. ಒತ್ತಡ ನಿಧಾನಕ್ಕೆ ಏರುವ ಹಾಗೆ ಮೆಷಿನ್ನಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿಸಿಕೊಳ್ಳಿ. ಮಗ ಅಪ್ಪನನ್ನು ಗಣಪತಿ ಅಂದನಂತೆ. ಅವರೂ ನಕ್ಕರೆ ನಗಲಿ. ನಗದಿದ್ದರೆ ಮಗುವಿಗೆ ಮೆಲ್ಲಗೆ ಹೇಳಿ ನಿಲ್ಲಿಸು. ಗೊರಕೆಗೆ ಅಂತ ಛತ್ರಗಳಲ್ಲಿ ಎಲ್ಲರ ಮುಂದೆ ತಮಾಷೆ ಮಾಡಿಸಿಕೊಂಡ ಮನುಷ್ಯ. ಈಗ ಮೂತಿಗೊಂದು ಪೈಪ್ ಬೇರೆ. ಆಸ್ಪತ್ರೆ ಪೇಷಂಟ್ ಥರ ಹೆಂಡತಿ ಪಕ್ಕ ಮಲಗಬೇಕಲ್ಲ ಅಂತ ಅವರಿಗೆ ಒಳಗೊಳಗೇ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ.

ದೊಡ್ಡಪ್ಪ ಈ ಮೆಷಿನ್ ಬಗ್ಗೆ ಓದಿಕೊಂಡು ಮನೆಗೆ ಬಂದವರಿಗೆಲ್ಲ ಪಾಠ ಮಾಡುತ್ತಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಅನ್ನುವ ಡಾಕ್ಟರು ಇದನ್ನು ಕಂಡುಹಿಡಿದು 1981ರಲ್ಲಿ ಪ್ರಕಟಿಸಿದ್ದು. ಶುರುವಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೋಟಾರು, ಮಾಸ್ಕನ್ನು ದಿನಾ ರಾತ್ರಿ ಮೂಗಿಗೆ ಅಂಟಿಸಬೇಕಿತ್ತಂತೆ. ಅಳಿಯಂದಿರಿಗೆ ಇದನ್ನು ಹೇಳು, ತಮ್ಮದು ಪರವಾಗಿಲ್ಲ ಅನ್ನಿಸುತ್ತದೆ.

ಮಗನ ರೂಮಿಗೆ ಹೋಗಿ ಮಲಗಲಾ ಅಂತ ಕೇಳಿದ್ದೀಯ. ನಿದ್ದೆ ಇಲ್ಲದೆ ಆಫೀಸಿಗೆ ಹೋಗುವ ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಬೇರೆ ರೂಮಿನಲ್ಲಿ ಮಲಗುವುದು ಮಹಾ ಅಪರಾಧ ಅಂತ ನಾನು ಅನ್ನುವುದಿಲ್ಲ. ಆದರೆ ಶುರುವಿನ ವಾರಗಳಲ್ಲಿ ಬೇಡ. ನೀನು ದಿಂಬು ಎತ್ತಿಕೊಂಡು ಹೋದರೆ ಮೆಷಿನ್ನಿನಿಂದಲೇ ಹೋದಳು ಅಂತ ಅವರಿಗನ್ನಿಸುತ್ತದೆ. ಹೋಗಲೇಬೇಕಾದ ದಿನ ಹೇಳಿ ಹೋಗು. ಮಾಸ್ಕ್ ಸರಿಯಾಗಿ ಕೂತ ಮೇಲೆ ಮೆಷಿನ್ನಿನ ಸದ್ದು ಫ್ಯಾನಿನ ಸದ್ದಿಗಿಂತ ಕಡಿಮೆ. ಸುಯ್ ಅಂತ ಕೇಳಿದರೆ ಎಲ್ಲೋ ಸೋರುತ್ತಿದೆ, ಗುಳುಗುಳು ಅಂದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ತಿಳಿ. ನಮ್ಮ ಮಲೆನಾಡಿನ ಥಂಡಿಗೆ ಅದು ಮಾಮೂಲು. ಪೈಪಿಗೆ ಬಟ್ಟೆ ಕವಚ ಹೊಲಿದು ಹಾಕಿದ್ದೇನೆ.

ಒಂದು ವಿಚಿತ್ರ ಹೇಳಲಾ? ದೊಡ್ಡಪ್ಪನ ಗೊರಕೆ ನಿಂತ ಮೇಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ವರ್ಷಗಟ್ಟಲೆ ಆ ಸದ್ದು ಕೇಳಿ, ಅದು ನಿಂತಾಗಲೆಲ್ಲ ಮತ್ತೆ ಯಾವಾಗ ಶುರುವಾಗುತ್ತದೋ ಅಂತ ಕಾದು ಅಭ್ಯಾಸ. ಸದ್ದಿಲ್ಲ ಅಂದರೆ ಎದ್ದು ಎದೆ ಮೇಲೆ ಕೈ ಇಟ್ಟು ನೋಡುತ್ತಿದ್ದೆ. ನಿನಗೂ ಹಾಗಾದರೆ ಗಾಬರಿಯಾಗಬೇಡ, ತಾನಾಗೇ ಹೋಗುತ್ತದೆ.

ಇದನ್ನು ನಿಮ್ಮಮ್ಮ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಮಾಸ್ಕ್ ಇರುವುದು ನಿದ್ದೆಗೆ. ಹಾಸಿಗೆಗೆ ಬಂದ ಕೂಡಲೇ ಹಾಕಬೇಕು ಅಂತ ರೂಲ್ಸ್ ಏನಿಲ್ಲ. ಮಾತಾಡುವುದು, ಹತ್ತಿರವಾಗುವುದು ಎಲ್ಲ ಅದಕ್ಕೆ ಮುಂಚೆ ಇರಲಿ. ಫೋನುಗಳನ್ನು ಹಾಲಿನಲ್ಲೇ ಬಿಟ್ಟು ಬನ್ನಿ. ಕಣ್ಣು ಎಳೆಯುವ ಹೊತ್ತಿಗೆ ಮಾಸ್ಕ್ ಹಾಕಿಕೊಂಡರಾಯಿತು. ನಡುರಾತ್ರಿ ಕಿತ್ತಿಟ್ಟಿದ್ದು ಕಂಡರೆ ಎಬ್ಬಿಸಲಾ ಬೇಡವಾ ಅಂತ ಹಗಲಲ್ಲೇ ಅವರನ್ನು ಕೇಳಿಟ್ಟುಕೋ. ಎಬ್ಬಿಸು ಅಂದರೆ ಎಬ್ಬಿಸಿ ಕೈಗೆ ಕೊಡು, ಭಾಷಣ ಬೇಡ.

ನಿಮ್ಮತ್ತೆಯವರು ಮೂಗಿಗೆ ತುಪ್ಪ ಬಿಟ್ಟರೆ ಸಾಕು, ಈ ವಯಸ್ಸಿಗೇ ಮೆಷಿನ್ ಯಾಕೆ ಅಂದರಂತಲ್ಲ. ಅದಕ್ಕೆ ನೀನು ಉತ್ತರ ಕೊಡಬೇಡ. ಅವರ ಮಗನೇ ಅಮ್ಮನಿಗೆ ಹೇಳಲಿ.

ದೀಪಾವಳಿಗೆ ಬರುವಾಗ ಮೆಷಿನ್ ಬಿಟ್ಟು ಬರಬೇಡಿ, ಎರಡು ದಿನ ತಾನೇ ಅನ್ನಬೇಡಿ. ಇಲ್ಲಿ ಕರೆಂಟ್ ಹೋದರೆ ಮಾಸ್ಕಿನೊಳಗೆ ಉಸಿರು ಕಟ್ಟುತ್ತದಾ ಅಂತ ನಿನ್ನ ಭಯ. ಇಲ್ಲ. ಮೂಗಿಗೆ ಮಾತ್ರ ಕೂರುವ ಮಾಸ್ಕಾದರೆ ಬಾಯಿಯಿಂದ ಉಸಿರಾಡಬಹುದು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಮೆಷಿನ್ ನಿಂತರೆ ತಾನೇ ತೆರೆಯುವ ವಾಲ್ವ್ ಇರುತ್ತದೆ. ನಮ್ಮಲ್ಲಿ ಇನ್ವರ್ಟರ್ ಇದೆ. ಗಾಳಿಗೆ ತೇವ ಕೊಡಲು ಮೆಷಿನ್ ನೀರು ಬಿಸಿ ಮಾಡುತ್ತದಲ್ಲ, ಅದನ್ನು ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಡಿಸ್ಟಿಲ್ಡ್ ವಾಟರ್ ಮೆಡಿಕಲ್ ಶಾಪಿನಿಂದ ತರಿಸಿಡುತ್ತೇನೆ. ಬ್ಯಾಟರಿಗೆ ಹಾಕುವ ಕ್ಯಾನಿನದ್ದು ಬೇಡ. ಮಂಚದ ಹತ್ತಿರದ ಪ್ಲಗ್ಗು ದೊಡ್ಡಪ್ಪನದು, ನಿಮಗೆ ಹಿಂದಿನ ರೂಮು. ಅಲ್ಲಿಯ ಪ್ಲಗ್ಗು ಬಾಗಿಲ ಹತ್ತಿರ ಇದೆ, ಬರುವಾಗ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ತಾ.

ಇಂತಿ ನಿನ್ನ,
ದೊಡ್ಡಮ್ಮ